ತೋಡದ ಬೆನ್ನು

“ಗುರುಗಳೇ, ಭಯ ಒಳ್ಳೆಯದೋ ಕೆಟ್ಟದೋ?” ಎಂದು ಮರಿದೇವ ಕೇಳಿದ.

ಮರಿದೇವ ಮಠದಲ್ಲಿ ಓದುತ್ತಿದ್ದ ಶಿಷ್ಯ. ಬರುವ ಹುಣ್ಣಿಮೆಗೆ ಪಂಡಿತರ ಸಭೆಯಲ್ಲಿ ಅವನು ಮೊದಲ ಬಾರಿಗೆ ಗ್ರಂಥ ಓದಿ ಅರ್ಥ ಹೇಳಬೇಕಿತ್ತು. ದಿನ ಹತ್ತಿರ ಬಂದಂತೆಲ್ಲ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಸಭೆಯಲ್ಲಿ ನಗೆಪಾಟಲಾದರೆ ಮತ್ತೆ ಈ ಮಠದಲ್ಲಿ ತಲೆ ಎತ್ತಿ ತಿರುಗುವುದು ಹೇಗೆ ಎಂಬುದೊಂದೇ ಚಿಂತೆ.

“ನಿನ್ನ ಮುಖ ನೋಡಿದರೆ ಉತ್ತರ ನಿನಗೇ ಗೊತ್ತಿರುವಂತಿದೆ,” ಎಂದರು ಗುರುಗಳು.

“ಹಾಗಲ್ಲ ಗುರುಗಳೇ. ಭಯವಿದ್ದವನು ಎಚ್ಚರವಾಗಿರುತ್ತಾನೆ. ಮಾಡಿದ್ದನ್ನೇ ಮತ್ತೆ ಮತ್ತೆ ತಿದ್ದುತ್ತಾನೆ. ಭಯವಿಲ್ಲದವನು ಉಡಾಫೆ ಮಾಡಿ ಕೆಡುತ್ತಾನೆ. ಹಾಗಿದ್ದ ಮೇಲೆ ಭಯ ಒಳ್ಳೆಯದೇ ಅಲ್ಲವೇ?”

“ವಾದವನ್ನೇನೋ ಚೆನ್ನಾಗಿಯೇ ಕಟ್ಟಿಕೊಂಡು ಬಂದಿದ್ದೀಯ. ಕೂತುಕೋ. ಭಯಪಟ್ಟು ಬಹಳ ಚೆನ್ನಾಗಿ ಕೆಲಸ ಮಾಡಿದ ಒಬ್ಬನ ಕತೆ ಹೇಳುತ್ತೇನೆ.”

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕೆತ್ತನೆಗಾರನಿದ್ದ. ಮರದಲ್ಲಿ ಮೂರ್ತಿ ಕೆತ್ತುವುದು ಅವನ ಮನೆತನದ ಕಸುಬು. ಆಳೆತ್ತರದ ಮೂರ್ತಿಗೆ ಇಡೀ ದಿಮ್ಮಿಯೇ ಬೇಕು. ಇಡೀ ದಿಮ್ಮಿ ಎಂದಮೇಲೆ ಅದರ ನಡುವೆ ತಿರುಳು ಇದ್ದೇ ಇರುತ್ತದೆ. ಮರ ಒಣಗುವಾಗ ಹೊರಗಿನದು ಕುಗ್ಗುತ್ತದೆ. ನಡುವಿನದು ಅದಕ್ಕೆ ಜಾಗ ಬಿಡುವುದಿಲ್ಲ. ಆಗ ಮರ ಸೀಳುತ್ತದೆ. ಎಲ್ಲಿ, ಯಾವಾಗ ಸೀಳುತ್ತದೆಂದು ಯಾರೂ ಹೇಳಲಾರರು. ಅದಕ್ಕೇ ಆ ಕಸುಬಿನವರು ಮೂರ್ತಿಯ ಬೆನ್ನನ್ನು ತೋಡಿ ತಿರುಳನ್ನು ಮೊದಲೇ ತೆಗೆದುಬಿಡುತ್ತಾರೆ. ಮುಂದೆ ದೇವಿಯ ಮುಖ, ಹಿಂದೆ ದೋಣಿಯ ಹೊಟ್ಟೆಯ ಹಾಗೆ ಪೊಳ್ಳು. ಗುಡಿಯಲ್ಲಿ ಮೂರ್ತಿ ಗೋಡೆಗೆ ಒರಗಿ ನಿಲ್ಲುವುದರಿಂದ ಆ ಪೊಳ್ಳು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಕೆತ್ತನೆಗಾರ ಉಳಿ ಹಿಡಿದ ದಿನದಿಂದಲೂ ಹೀಗೆಯೇ ಮಾಡಿಕೊಂಡು ಬಂದವನು.

ಆ ನಾಡಿನ ಅರಸ ಆಗಾಗ ಮರದ ಕೆತ್ತನೆಗಳ ಪ್ರದರ್ಶನ ಏರ್ಪಡಿಸುತ್ತಿದ್ದ. ಒಂದು ವರ್ಷ ನಮ್ಮ ಕೆತ್ತನೆಗಾರನಿಗೂ ಕರೆ ಬಂತು. ಸಣ್ಣಪುಟ್ಟ ಕೆಲಸಗಳನ್ನು ಅವನು ಬೇಗ ಮುಗಿಸಿದ. ಒಂದು ಆನೆ, ಒಂದು ನವಿಲು, ಹೂಬಳ್ಳಿಯ ಒಂದು ಬಾಗಿಲಪಟ್ಟಿ. ದೊಡ್ಡದೊಂದು ಉಳಿಯಿತು. ಮಗುವನ್ನು ಎತ್ತಿಕೊಂಡು ನಿಂತ ತಾಯಿ. ಎಷ್ಟೋ ವರ್ಷಗಳಿಂದ ಅವನ ಮನಸ್ಸಿನಲ್ಲಿದ್ದ ಮೂರ್ತಿ ಅದು. ಇದೊಂದನ್ನು ಮಾಡಿದರೆ ತನ್ನ ಕೈ ಈ ಲೋಕಕ್ಕೆ ಬಂದದ್ದು ಸಾರ್ಥಕ ಎಂದುಕೊಂಡಿದ್ದ. ಅದಕ್ಕಾಗಿ ಹಿತ್ತಿಲಿನ ಹಲಸಿನ ಮರವನ್ನೇ ಕಡಿಸಿದ. ಅಂಥ ಮರ ಅವನಲ್ಲಿ ಇನ್ನೊಂದಿರಲಿಲ್ಲ.

ಆ ಹೊತ್ತಿಗೆ ಪಟ್ಟಣದಿಂದ ಒಬ್ಬ ವರ್ತಕ ಬಂದ. ಜಗುಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತ ಹೇಳಿದ. “ಪ್ರದರ್ಶನದಲ್ಲಿ ಮೂರ್ತಿಯನ್ನು ಗೋಡೆಗೆ ಒರಗಿಸೋದಿಲ್ಲಪ್ಪ. ನಡುವೆ ನಿಲ್ಲಿಸ್ತಾರೆ. ಸುತ್ತಲೂ ಜನ. ಅಲ್ಲೊಬ್ಬ ಪರೀಕ್ಷಕ ಇದ್ದಾನೆ, ಮಹಾ ಕಠಿಣ. ಮುಖ ನೋಡೋದಕ್ಕೆ ಮುಂಚೆ ಬೆನ್ನ ಹತ್ತಿರ ಹೋಗಿ ನಿಲ್ತಾನೆ. ಹಿಂದಿನ ಸಲ ಒಬ್ಬನ ಮೂರ್ತಿಯ ಬೆನ್ನು ನೋಡಿದವನೇ, ಇದನ್ನು ಹೊರಗೆ ಹಾಕಿ ಅಂದುಬಿಟ್ಟ.”

ವರ್ತಕ ಮಜ್ಜಿಗೆ ಮುಗಿಸಿ ಹೋದ. ಮಾತು ಮನೆಯಲ್ಲೇ ಉಳಿಯಿತು.

ಅಂದಿನಿಂದ ಕೆತ್ತನೆಗಾರನ ನೆಮ್ಮದಿ ಹೋಯಿತು. ಪರೀಕ್ಷಕನನ್ನು ಅವನು ಕಂಡಿರಲಿಲ್ಲ. ಕಾಣದೆ ಇದ್ದುದರಿಂದ ಆ ಪರೀಕ್ಷಕ ಅವನ ಮನಸ್ಸಿನಲ್ಲಿ ದಿನದಿಂದ ದಿನಕ್ಕೆ ಬೆಳೆದ. ಕೆಲಸಕ್ಕೆ ಕೂತರೆ ಯಾರೋ ಹಿಂದೆ ಬಂದು ನಿಂತಂತಾಗುತ್ತಿತ್ತು. ತಿರುಗಿ ನೋಡಿದರೆ ಬರಿಯ ಗೋಡೆ. ಆ ಪೊಳ್ಳು ಬೆನ್ನಿನ ಮುಂದೆ ಜನ ಗುಂಪುಕಟ್ಟಿ ನಗುವುದು ಅವನ ಕಣ್ಣಿಗೆ ಕಟ್ಟುತ್ತಿತ್ತು. ಅವನಿಗೂ ಅನ್ನ ಸೇರದಾಯಿತು. ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಮರಿದೇವ.

ಕೊನೆಗೆ ಅವನು ನಿರ್ಧರಿಸಿದ. ಈ ಸಲ ಬೆನ್ನು ತೋಡುವುದಿಲ್ಲ. ಬೆನ್ನನ್ನೂ ಕೆತ್ತುತ್ತೇನೆ.

ಹೆಂಡತಿ ನೋಡಿದಳು. “ತಿರುಳು ತೆಗೀಲಿಲ್ಲವಲ್ಲ?” ಎಂದಳು.

“ತೋಡಿದರೆ ಆ ಪರೀಕ್ಷಕ ನಗ್ತಾನೆ.”

“ನಕ್ಕರೆ ನಗಲಿ ಬಿಡಿ. ಅವನು ನಕ್ಕದ್ದಕ್ಕೆ ಮರ ಸೀಳೋದಿಲ್ಲ.”

ಅವಳು ಹೇಳಿದ್ದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದುದರಿಂದಲೇ ಸಿಟ್ಟು ಬಂತು. ಆ ದಿನ ಅವನು ಅವಳೊಡನೆ ಮಾತು ಬಿಟ್ಟ.

ಬೆನ್ನು ಅದ್ಭುತವಾಗಿ ಬಂತು. ಸೊಂಟದವರೆಗೆ ಇಳಿದ ಜಡೆ, ಜಡೆಯಲ್ಲಿ ಮುಡಿದ ಮೊಗ್ಗು, ರವಿಕೆಯ ಗಂಟು, ಮಗುವಿನ ಭಾರಕ್ಕೆ ಒಂದು ಕಡೆ ವಾಲಿದ ಸೊಂಟದ ಮೇಲೆ ಸೀರೆಯ ನೆರಿಗೆ. ಅಂಥ ಬೆನ್ನನ್ನು ಆ ಮನೆತನದಲ್ಲಿ ಯಾರೂ ಕೆತ್ತಿರಲಿಲ್ಲ. ಯಾರಿಗೂ ಅದರ ಅಗತ್ಯ ಬಿದ್ದಿರಲಿಲ್ಲ. ಭಯದಿಂದ ಕೆಲಸ ಚೆನ್ನಾಗುತ್ತದೆ ಎಂದೆಯಲ್ಲ, ನೀನು ಹೇಳಿದ್ದು ಸುಳ್ಳಲ್ಲ.

ಒಂದು ಮಧ್ಯಾಹ್ನ ಮೂರ್ತಿಯ ಒಳಗಿನಿಂದ ‘ಟಕ್’ ಎಂದು ಸದ್ದಾಯಿತು.

ಸಣ್ಣ ಸದ್ದು. ಬೇರೆ ಯಾರಾದರೂ ಆಗಿದ್ದರೆ ಹಲ್ಲಿ ಎಂದುಕೊಳ್ಳುತ್ತಿದ್ದರು. ಕೆತ್ತನೆಗಾರನ ಕೈಯಿಂದ ಉಳಿ ಜಾರಿತು. ಮೂರ್ತಿಯನ್ನು ಅಡಿಯಿಂದ ಮುಡಿಯವರೆಗೆ ತಡವಿ ನೋಡಿದ. ಎಲ್ಲೂ ಬಿರುಕಿಲ್ಲ. ಆದರೆ ಅದು ಎಲ್ಲಿಂದ ಬಂದ ಸದ್ದೆಂದು ಅವನಿಗೆ ಗೊತ್ತಿತ್ತು.

ಆಗಲೂ ಕಾಲ ಮೀರಿರಲಿಲ್ಲ. ತಿರುಳು ತೆಗೆಯಬಹುದಿತ್ತು. ಆದರೆ ಈಗ ತಿರುಳು ತೆಗೆಯಬೇಕೆಂದರೆ ಆ ಬೆನ್ನನ್ನೇ ಕಡಿಯಬೇಕು. ಆ ಜಡೆಯನ್ನು, ಆ ಮೊಗ್ಗನ್ನು, ಆ ನೆರಿಗೆಯನ್ನು. ಕಡಿಯಲೆಂದು ಬಾಚಿಯನ್ನು ಎತ್ತಿದ. ಹಾಗೆಯೇ ನಿಂತ. ಕೆಳಗಿಟ್ಟ. ತಪ್ಪಿನ ಮೇಲೆ ಹಾಕಿದ ಮುಚ್ಚಳ ಒಡೆಯಲು ಕೈಬಾರದಷ್ಟು ಚೆಂದವಾಗಿಬಿಟ್ಟಿತ್ತು.

ಅಲ್ಲಿಂದ ಮುಂದೆ ಅವನಿಗೆ ಎರಡು ಭಯ. ಪರೀಕ್ಷಕನದೊಂದು, ಮರದ್ದೊಂದು. ಮರ ಒಣಗಬಾರದೆಂದು ಮೂರ್ತಿಗೆ ಒದ್ದೆ ಬಟ್ಟೆ ಸುತ್ತಿದ. ಬಟ್ಟೆ ಆರಿದರೆ ಮತ್ತೆ ನೀರು ಚಿಮುಕಿಸಿದ. ಕಿಟಕಿ ಮುಚ್ಚಿದ. ಮನೆಯಲ್ಲಿ ಪಾತ್ರೆ ಸದ್ದಾದರೂ ಓಡಿ ಬಂದು ಮೂರ್ತಿಗೆ ಕಿವಿಗೊಡುತ್ತಿದ್ದ. ಜ್ವರದ ಮಗುವನ್ನು ಕಾಯುವಂತೆ ಕಾದ. ಆ ತಾಯಿಯ ಮುಖವನ್ನು ನೋಡಿ ಸಂತೋಷಪಡುವುದು ಮಾತ್ರ ಒಂದು ದಿನವೂ ಅವನಿಂದ ಆಗಲಿಲ್ಲ.

ಪ್ರದರ್ಶನದ ದಿನ ಬಂತು. ಸುತ್ತಿದ ಬಟ್ಟೆಯಲ್ಲೇ ಮೂರ್ತಿಯನ್ನು ಗಾಡಿಯಲ್ಲಿ ಪಟ್ಟಣಕ್ಕೆ ಒಯ್ದರು. ಅರಮನೆಯ ತೆರೆದ ಅಂಗಳದ ನಡುವೆ ನಿಲ್ಲಿಸಿ ಬಟ್ಟೆ ಬಿಚ್ಚಿದರು. ಬೇಸಿಗೆಯ ಬಿಸಿಲು, ಒಣ ಗಾಳಿ. ಜನ ಮುತ್ತಿಕೊಂಡರು. ಮುಖ ನೋಡಿದವರು ಕೈಮುಗಿದರು. ಬೆನ್ನು ನೋಡಿದವರು ಬೆರಗಾದರು. ಕೆತ್ತನೆಗಾರನಿಗೆ ಅದೊಂದೂ ಕೇಳಿಸಲಿಲ್ಲ. ಅವನು ದಾರಿ ನೋಡುತ್ತಿದ್ದ.

ಪರೀಕ್ಷಕ ಬಂದ. ಕೋಲೂರಿಕೊಂಡು ನಡೆಯುವ ಒಬ್ಬ ಬಡಕಲು ಮುದುಕ. ವರ್ತಕ ಹೇಳಿದಂತೆಯೇ ನೇರವಾಗಿ ಬೆನ್ನಿನ ಕಡೆಗೆ ಹೋದ. ಮುದುಕ ಜಡೆಯನ್ನು ನೋಡಲಿಲ್ಲ, ನೆರಿಗೆಯನ್ನು ನೋಡಲಿಲ್ಲ. ಬೆರಳಿನ ಗೆಣ್ಣಿನಿಂದ ಬೆನ್ನನ್ನು ತಟ್ಟಿ ಕಿವಿಗೊಟ್ಟ. ಅವನ ಮುಖ ಬಾಡಿತು.

“ತೋಡಲಿಲ್ಲವೇನಪ್ಪ?” ಎಂದ.

“ಇಲ್ಲ ಸ್ವಾಮಿ. ತಾವು ಬೆನ್ನು ನೋಡ್ತೀರಿ ಅಂತ ಕೇಳಿ ಮುಚ್ಚಿಬಿಟ್ಟೆ.”

“ತಿರುಳು ತೆಗೆದಿದ್ದಾರೋ ಇಲ್ಲವೋ ಅಂತ ತಿಳಿಯೋದಕ್ಕೆ ತಾನೇ ನಾನು ಬೆನ್ನು ನೋಡೋದು! ಬೇಗ ಬಟ್ಟೆ ಸುತ್ತು, ನೆರಳಿಗೆ ಸಾಗಿಸು, ಇನ್ನೂ ಉಳಿಸ...”

ಮಾತು ಮುಗಿಯಲಿಲ್ಲ. ಬೆಂಕಿಯಲ್ಲಿ ಬಿದಿರು ಸಿಡಿದಂಥ ಸದ್ದಾಯಿತು. ಮುಂದಿದ್ದವರು ಚೀರಿ ಹಿಂದಕ್ಕೆ ಸರಿದರು. ತಾಯಿಯ ಹಣೆಯಿಂದ ಹೊರಟ ಸೀಳು ಮೂಗು, ತುಟಿ, ಎದೆಯನ್ನು ದಾಟಿ ಮಗುವಿನ ತಲೆಯನ್ನು ಎರಡು ಮಾಡಿ ನಿಂತಿತ್ತು.

ಕೆತ್ತನೆಗಾರ ಮುಂದೆ ಹೋಗಿ ನೋಡಲಿಲ್ಲ. ಹಿಂದೆಯೇ ನಿಂತಿದ್ದ. ಬೆನ್ನಿನ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಅವನು ಭಯಪಟ್ಟದ್ದೇ ತಪ್ಪೇ ಗುರುಗಳೇ?”

“ಭಯಪಡಬೇಕಿತ್ತು.”

“ಯಾರಿಗೆ?”

“ಮರಕ್ಕೆ,” ಎಂದರು ಗುರುಗಳು. “ಅದಿರಲಿ, ದಿನಾ ಬೆಳಗ್ಗೆ ಗ್ರಂಥ ಓದುವಾಗ ಒಂದು ಕಡೆ ಕೆಮ್ಮಿ ದಾಟಿಬಿಡುತ್ತೀಯಲ್ಲ, ನಿನಗೆ ಅರ್ಥವಾಗದ ಆ ಸಾಲು ಯಾವುದು?”