ಗಾಣ ಬಿಟ್ಟ ಎತ್ತು

ಎಣ್ಣೆಗಾಣ ನಿಂತುಹೋದ ಮೇಲೆ ಗಾಣಿಗನು ತನ್ನ ಮುದಿ ಎತ್ತಿನ ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಅದನ್ನು ಬಯಲಿಗೆ ಬಿಟ್ಟ. ಬಿಟ್ಟರೆ ಹೋಗಬೇಕಲ್ಲ! ಎತ್ತು ಅಲ್ಲಿದ್ದ ಜಾಲಿಮರವನ್ನೇ ಸುತ್ತತೊಡಗಿತು. ಬಿಸಿಲೇರಿತು, ನಾಲಿಗೆ ಒಣಗಿತು, ಕಾಲು ಮಾತ್ರ ಸುತ್ತುವುದನ್ನು ಬಿಡಲಿಲ್ಲ.

ಬೆಳ್ಳಕ್ಕಿಯೊಂದು ಬಂದು ಬೆನ್ನ ಮೇಲೆ ಕೂತು, "ಎತ್ತಣ್ಣ, ಎಲ್ಲಿಗೆ ಹೊರಟಿದ್ದೀಯ?" ಎಂದು ಕೇಳಿತು.

"ಹಾಗೆ ನನ್ನನ್ನು ಯಾರೂ ಕೇಳಿದ್ದೇ ಇಲ್ಲ," ಎಂದಿತು ಎತ್ತು. "ಜನ್ಮವೆಲ್ಲ ನಡೆದೆ, ಎಲ್ಲಿಗೂ ಹೋಗಲಿಲ್ಲ."

"ಈಗ ನಿನಗೇನು ಬೇಕು?"

"ನೀರು."

"ನೀರಿನ ವಾಸನೆ ಯಾವ ಕಡೆಯಿಂದ ಬರುತ್ತಿದೆ?"

ಎತ್ತು ಆಗ ನಿಂತಿತು. ಮೂಗರಳಿಸಿ, "ಆ ಹೊಂಗೆಮರಗಳ ಕಡೆಯಿಂದ," ಎಂದು ಹೆಜ್ಜೆ ಹಾಕಿತು. ದಾರಿಯಲ್ಲಿ ಕಾಲು ಹಳೇ ಚಾಳಿಗೆ ಬಲಕ್ಕೆ ತಿರುಗಿದಾಗಲೆಲ್ಲ ಬೆಳ್ಳಕ್ಕಿ, "ವಾಸನೆ ಈಗಲೂ ಎದುರಿಗೇ ಇದೆಯೇ?" ಎನ್ನುತ್ತಿತ್ತು. ಎತ್ತು ತಾನೇ ನೇರಕ್ಕೆ ಬರುತ್ತಿತ್ತು.

ಕೆರೆ ಸಿಕ್ಕಿತು. ಹೊಟ್ಟೆ ತುಂಬ ಕುಡಿದ ಮೇಲೆ ಎತ್ತು ಗೊಣಗಿತು: "ಹಾರಿಕೊಂಡು ಬಂದ ನೀನು ಈ ಕೆರೆಯನ್ನು ನೋಡಿಯೇ ಇರುತ್ತೀಯ. ಮೊದಲೇ ಹೇಳಬಾರದಿತ್ತೇ?"

ಬೆಳ್ಳಕ್ಕಿ ಅದರ ಕೊಂಬನ್ನು ಮೆಲ್ಲಗೆ ಕೊಕ್ಕಿನಿಂದ ತಟ್ಟಿತು. "ಹೇಳಿದ್ದರೆ ನಾಳೆಯಿಂದ ನೀನು ಜಾಲಿಮರ ಬಿಟ್ಟು ನನ್ನನ್ನು ಸುತ್ತುತ್ತಿದ್ದೆ."