ಝೆಡ್ ಡ್ರೈವಿನ ಬಾಗಿಲಲ್ಲಿ ಒಂದೇ ಕೂಗು

ಈ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ಸೀಮೆಯಲ್ಲಿ ಒಬ್ಬರೇ ಇದ್ದಾರೆ. ಅವರು ಮೌನವ್ರತದಲ್ಲಿದ್ದಾರೆ. ಹಾಗಾಗಿ ನಾನೇ ಹೇಳಬೇಕಾಗಿದೆ.

ಹೊಳೆಯ ದಂಡೆಯ ಮೇಲೊಂದು ಮಠ. ಅಲ್ಲಿಯ ಗುರು ಹಾಲಯ್ಯಜ್ಜ. ಅವರು ಎಷ್ಟು ಕಡಿಮೆ ಮಾತಿನವರೆಂದರೆ, ಒಮ್ಮೆ ಕೆಮ್ಮಿದಾಗ ಇಬ್ಬರು ಶಿಷ್ಯರು ಅದನ್ನೂ ಬರೆದಿಟ್ಟುಕೊಂಡರು.

ಮಠದಲ್ಲಿ ತಾಳೆಗರಿಯ ಒಂದು ಕಟ್ಟು ಇತ್ತು. ಮೂಲಗುರುಗಳು ಕೈಯಾರೆ ಬರೆದದ್ದು. ದಿನಕ್ಕೊಂದು ಗರಿಯನ್ನು ಬೆಳಿಗ್ಗೆ ಆರಕ್ಕೆ ಗಂಟೆ ಬಾರಿಸಿ ಓದಬೇಕು. ಒಂದು ದಿನವೂ ತಪ್ಪುವಂತಿಲ್ಲ. ಪ್ರಳಯವೇ ಬಂದರೂ ಅಂದಿನ ಗರಿ ಓದಿ ಮುಗಿಸಿ, ಮಂಗಳ ಹಾಡಿ, ಆಮೇಲೆ ಮುಳುಗುವ ಮಂದಿ ಅವರು.

ಆದರೆ ಗರಿಗಳಿಗೆ ವಯಸ್ಸಾಗಿತ್ತು. ಮುಟ್ಟಿದರೆ ಅಂಚು ಪುಡಿಯಾಗಿ ಕೈಗೆ ಬರುತ್ತಿತ್ತು.

ಓದುವ ಸೇವೆ ಕೊಟ್ರೇಶನೆಂಬ ಶಿಷ್ಯನದು. ಡಿಪ್ಲೊಮಾ ಮುಗಿಸಿ ಮಠ ಸೇರಿದವನು. ಅವನು ಒಂದು ವರ್ಷ ಕೂತು, ಉಸಿರು ಬಿಗಿಹಿಡಿದು, ಅಷ್ಟೂ ಗರಿಗಳ ಫೋಟೊ ತೆಗೆದ. ಅವನ್ನೆಲ್ಲ ಪುಸ್ತಕದ ಕೋಣೆಯಲ್ಲಿದ್ದ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿಗೆ ತುಂಬಿದ. ಓದುವ ಪಡಸಾಲೆಯಲ್ಲಿ ಒಂದು ಲ್ಯಾಪ್‌ಟಾಪ್. ಅದರಲ್ಲಿ ಝೆಡ್ ಡ್ರೈವ್ ಎಂಬುದನ್ನು ಒತ್ತಿದರೆ, ವೈಫೈ ಮೇಲೆ ಸರ್ವರಿನ ಬಾಗಿಲು ತೆರೆದುಕೊಂಡು ಅಂದಿನ ಗರಿ ಕಾಣುತ್ತಿತ್ತು.

ಅಂದಿನಿಂದ ಕಟ್ಟನ್ನು ಯಾರೂ ಬಿಚ್ಚಲಿಲ್ಲ. ಕೆಂಪು ವಸ್ತ್ರದಲ್ಲಿ ಅದು ಸುಖವಾಗಿ ಮಲಗಿತು.

ನಾಳೆಯ ಫೋಟೊವನ್ನು ಇವತ್ತೇ ಲ್ಯಾಪ್‌ಟಾಪಿಗೆ ಇಳಿಸಿಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಭಿಕ್ಷೆಯ ಅನ್ನವನ್ನೇ ನಾಳೆಗೆ ಎತ್ತಿಡದ ಮಠ ಅದು. ಗರಿಗೂ ಅದೇ ನಿಯಮ.

ಹೀಗಿರುವಾಗ ಸೋಲಾರ್ ಬ್ಯಾಟರಿ ಸೊರಗಿತು. ಇನ್ನು ಮೇಲೆ ಸಂಜೆಯ ದೀಪದ ಜೊತೆಗೆ ಸರ್ವರು, ವೈಫೈ ಎಲ್ಲವನ್ನೂ ಆರಿಸಬೇಕೆಂದು ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಆರಕ್ಕೆ ಕಾಲು ಗಂಟೆಯಿದ್ದಾಗ ಕೊಟ್ರೇಶ ಪುಸ್ತಕದ ಕೋಣೆಯ ಸ್ವಿಚ್ಚುಗಳನ್ನು ಹಾಕಿದ. ಅಲ್ಲಿಂದ ಪಡಸಾಲೆಗೆ ಓಡಿದ. ಲ್ಯಾಪ್‌ಟಾಪ್ ತೆರೆದ.

ಝೆಡ್ ಡ್ರೈವಿನ ಮೇಲೆ ಕೆಂಪು ಅಡ್ಡಗೀಟು ಬಿದ್ದಿತ್ತು. ಸಂಪರ್ಕ ಸಿಗಲಿಲ್ಲ ಎಂದು ಪಕ್ಕದಲ್ಲಿ ಒಂದು ಸಾಲು.

ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಸಲ ಒತ್ತಿ ನೋಡುತ್ತಿದ್ದರು. ಕೊಟ್ರೇಶ ಒತ್ತಲಿಲ್ಲ. ಅವನು ಮೂರು ವರ್ಷ ಜೋಳಿಗೆ ಹಿಡಿದು ಊರು ತಿರುಗಿದವನು. ಒಂದು ಬಾಗಿಲಲ್ಲಿ ಒಂದೇ ಕೂಗು, ಇಲ್ಲವೆಂದರೆ ಮುಂದಿನ ಮನೆ, ಅದೇ ಬಾಗಿಲಿಗೆ ಅಂದು ತಿರುಗಿ ಬರುವಂತಿಲ್ಲ. ಅದು ಆ ಮಠದ ಭಿಕ್ಷೆಯ ಕಟ್ಟುಪಾಡು. ಅವನ ಮೈಗೆ ಅದು ಹತ್ತಿಹೋಗಿತ್ತು.

ದೋಷ ತನ್ನ ಕಡೆಯದೇ ಇರಬೇಕೆಂದು ಅವನು ಲ್ಯಾಪ್‌ಟಾಪನ್ನೇ ಆರಿಸಿ ಮತ್ತೆ ಹಚ್ಚಿದ. ಆ ಯಂತ್ರ ಏಳುವುದಕ್ಕೆ ತೆಗೆದುಕೊಂಡ ಹೊತ್ತಿನಲ್ಲಿ ನಾನಾಗಿದ್ದರೆ ಹೊಳೆಯನ್ನು ಎರಡು ಸಲ ಈಜಿ ಬರುತ್ತಿದ್ದೆ. ಎದ್ದಿತು. ಮತ್ತೆ ಕೆಂಪು ಗೀಟು.

ಗಂಟೆ ಬಾರಿಸಿತು. ಊರಿನ ಹತ್ತು ಹನ್ನೆರಡು ಮಂದಿ ಕೂತಿದ್ದರು.

ಹಾಲಯ್ಯಜ್ಜ ಎದ್ದು ಹೋಗಿ ಕೆಂಪು ವಸ್ತ್ರ ಬಿಚ್ಚಿದರು. ನೂರ ಹತ್ತನೆಯ ಗರಿಯನ್ನು ತೆಗೆದು ಕೊಟ್ಟರು. ಕೊಟ್ರೇಶ ಓದಿದ. ಓದಿ ಮುಗಿಸುವಷ್ಟರಲ್ಲಿ ಅವನ ಮಡಿಲಲ್ಲಿ ಚಿಟಿಕೆಯಷ್ಟು ಪುಡಿ ಬಿದ್ದಿತ್ತು.

ಮಧ್ಯಾಹ್ನ ನೋಡಿದರೆ ಝೆಡ್ ಡ್ರೈವ್ ಏನೂ ಆಗಿಯೇ ಇಲ್ಲವೆಂಬಂತೆ ತೆರೆದುಕೊಂಡಿತು. ಕೊಟ್ರೇಶ ಅದನ್ನು ಕಿತ್ತು ಹೊಸದಾಗಿ ಜೋಡಿಸಿದ. ಪಾಸ್‌ವರ್ಡನ್ನು ಮತ್ತೆ ಬರೆದು ಉಳಿಸಿದ. ಪ್ರತಿ ಸಲ ತಾನಾಗಿಯೇ ಜೋಡಿಸಿಕೊ ಎನ್ನುವ ಚೌಕದಲ್ಲಿ ಗುರುತು ಹಾಕಿದ.

ಮರುದಿನ ಬೆಳಿಗ್ಗೆ ಕೆಂಪು ಗೀಟು. ನೂರ ಹನ್ನೊಂದನೆಯ ಗರಿ ಕಟ್ಟಿನಿಂದ ಹೊರಗೆ ಬಂತು.

ಅದರ ಮರುದಿನವೂ ಹಾಗೆಯೇ ಆಯಿತು. ನೂರ ಹನ್ನೆರಡು.

ಮೂರನೆಯ ದಿನದ ಸಂಜೆ ಕೊಟ್ರೇಶ ಗುರುಗಳ ಕಾಲ ಬಳಿ ಬಂದು ಕೂತ. ನಾಳೆಯದು ನೂರ ಹದಿಮೂರು. ಅದಕ್ಕೆ ಹುಳು ಬಿದ್ದಿರುವುದು ಫೋಟೊ ತೆಗೆದವನಿಗೆ ಗೊತ್ತು. ದಾರದ ತೂತಿನ ಸುತ್ತ ಮಾತ್ರ ಗಟ್ಟಿಯಾಗಿದೆ, ಎತ್ತಿದರೆ ಎರಡು ತುಂಡು.

“ಫೋಟೊ ಇದೆಯಲ್ಲ,” ಎಂದರು ಹಾಲಯ್ಯಜ್ಜ.

“ಮೂಲಗುರುಗಳು ಕೈಯಿಟ್ಟಿದ್ದು ಗರಿ ಮೇಲೆ, ಅಜ್ಜಾರೆ. ಫೋಟೊ ಮೇಲಲ್ಲ.”

ಹಾಲಯ್ಯಜ್ಜ ತಲೆಯಾಡಿಸಿದರು. ಬೆಳಿಗ್ಗೆ ಏನೇನು ಮಾಡುತ್ತೀಯ, ಮೊದಲಿಂದ ಹೇಳು ಎಂದರು. ಕೊಟ್ರೇಶ ಸ್ವಿಚ್ಚು ಹಾಕಿದ್ದು, ಓಡಿದ್ದು, ಲ್ಯಾಪ್‌ಟಾಪ್ ತೆರೆದದ್ದು, ಗೀಟು ಕಂಡದ್ದು ಎಲ್ಲವನ್ನೂ ಬಿಡದೆ ಹೇಳಿದ. ದೋಷ ವೈಫೈಯಲ್ಲಿದೆಯೋ, ಪಾಸ್‌ವರ್ಡಿನಲ್ಲಿದೆಯೋ, ತನ್ನ ಕರ್ಮದಲ್ಲಿದೆಯೋ ಎಂದು ಕೇಳಿದ.

ಹಾಲಯ್ಯಜ್ಜ ಗೂಟದ ಜೋಳಿಗೆ ತೆಗೆದು ಅವನ ಕೈಗೆ ಕೊಟ್ಟರು.

“ನಾಳೆ ನಾಲ್ಕೂವರೆಗೆ ಭಿಕ್ಷೆಗೆ ಹೋಗು.”

ಕೊಟ್ರೇಶನಿಗೆ ದಿಗಿಲಾಯಿತು. ಭಿಕ್ಷೆಗೆ ಹೋಗುವುದು ಹತ್ತು ಗಂಟೆಗೆ. ನಾಲ್ಕೂವರೆಗೆ ಎದ್ದರೆ ಲ್ಯಾಪ್‌ಟಾಪಿನ ಮುಂದೆ ಕೂರಬೇಕಾದವನು ತಾನು. ಅದನ್ನೆಲ್ಲ ಅವನು ಹೇಳಿಯೇ ಹೇಳಿದ.

“ಐದು ಮನೆ,” ಎಂದರು ಗುರುಗಳು. “ನಿಯಮ ಗೊತ್ತಲ್ಲ?”

“ಒಂದು ಬಾಗಿಲಿಗೆ ಒಂದೇ ಕೂಗು, ಅಜ್ಜಾರೆ.”

ಹೋದ. ಊರು ಕಂಬಳಿ ಹೊದ್ದು ಮಲಗಿತ್ತು. ಎಂತಹ ನಿದ್ದೆ ಎಂದರೆ, ಐದೂ ಮನೆಗಳ ಗೊರಕೆ ಒಂದೇ ಶ್ರುತಿಯಲ್ಲಿ ಕೂಡಿತ್ತು. ತಂಬೂರಿ ಇದ್ದಿದ್ದರೆ ನಾನೊಂದು ಕೀರ್ತನೆ ಎತ್ತಿಕೊಳ್ಳುತ್ತಿದ್ದೆ.

ಮೊದಲ ಬಾಗಿಲಲ್ಲಿ ನಿಂತು “ಕೋರಾನ್ನ ಭಿಕ್ಷಾ” ಎಂದ. ಯಾರೂ ತೆರೆಯಲಿಲ್ಲ. ಎರಡನೆಯದೂ ತೆರೆಯಲಿಲ್ಲ. ಐದನೆಯ ಮನೆಯ ನಾಯಿ ಮಾತ್ರ ಒಂದು ಕಣ್ಣು ತೆರೆದು, ಇವನನ್ನು ನೋಡಿ, ಮತ್ತೆ ಮುಚ್ಚಿತು.

ಖಾಲಿ ಜೋಳಿಗೆ ಹಿಡಿದು ಐದು ಗಂಟೆಗೆ ಮಠಕ್ಕೆ ಬಂದ. ಹಾಲಯ್ಯಜ್ಜ ಕಟ್ಟೆಯ ಮೇಲೆ ಕೂತಿದ್ದರು.

“ಏನು ಸಿಕ್ತು?”

“ಏನೂ ಇಲ್ಲ.”

“ಊರವರಿಗೆ ನಮ್ಮ ಮೇಲೆ ಸಿಟ್ಟೇನು?”

“ಇಲ್ಲ ಅಜ್ಜಾರೆ. ಮಲಗಿದಾರೆ.”

ಅಷ್ಟರಲ್ಲಿ ಗೇಟಿನಿಂದ ದನಿ ಕೇಳಿಸಿತು. ಮೊದಲ ಮನೆಯ ನೀಲವ್ವ. ದಿನವೂ ಆರಕ್ಕೆ ಓದು ಕೇಳಲು ಬರುವ ಮುದುಕಿ. ಅಂದು ಒಂದು ಗಂಟೆ ಮೊದಲೇ ಬಂದಿದ್ದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಾಟು, ಬಾಯಲ್ಲಿ ಬೈಗುಳ. ಬೈಗುಳದಲ್ಲಿ ಅರ್ಧವನ್ನು ನಾನು ಬಿಟ್ಟಿದ್ದೇನೆ, ಇದು ಸತ್ಸಂಗದ ಕಥೆ.

“ನಿನಗೇನು ಬೆನ್ನಿಗೆ ಬೆಂಕಿ ಬಿದ್ದಿತ್ತೇನಪ್ಪ ಕೊಟ್ರೇಶಿ? ನೀನು ಕೂಗಿದ್ದು ಕೇಳಿಸ್ತು. ಎದ್ದೆ. ಮಂಡಿ ಹಿಡ್ಕೊಂಡು, ಗೋಡೆ ತಡವಿ, ಅಗಳಿ ತೆಗೆಯೋ ಹೊತ್ತಿಗೆ ನೀನು ಮೂರು ಮನೆ ದಾಟಿದ್ದೆ. ಒಲೆ ಹಚ್ಚಿ ರೊಟ್ಟಿ ಬಡಿಯೋದು ಆಮೇಲಿನ ಮಾತು. ನಾನೇನು ಕೊಡಲ್ಲ ಅಂದಿದ್ನ?”

ಕೊಟ್ರೇಶನ ಬಾಯಿ ಸ್ವಲ್ಪ ತೆರೆದಿತ್ತು. ಕಣ್ಣು ಪುಸ್ತಕದ ಕೋಣೆಯ ಕಡೆ ತಿರುಗಿತ್ತು.

ಸರ್ವರಿನೊಳಗೆ ನಾಲ್ಕು ಡಿಸ್ಕುಗಳಿವೆ. ಸ್ವಿಚ್ಚು ಹಾಕಿದ ಮೇಲೆ ಅದು ಒಂದೊಂದನ್ನೇ ತಡವಿ ನೋಡಿಕೊಂಡು ಏಳಬೇಕು. ವೈಫೈ ಏಳಬೇಕು. ಲ್ಯಾಪ್‌ಟಾಪ್ ಇವೆರಡಕ್ಕಿಂತ ಮೊದಲೇ ಕಣ್ಣು ಬಿಟ್ಟು, ಒಂದು ಸಲ ಕೂಗಿ, ಉತ್ತರ ಬಾರದಿದ್ದಕ್ಕೆ ಗೀಟು ಎಳೆದು ಕೂತುಬಿಡುತ್ತಿತ್ತು. ಪಾಸ್‌ವರ್ಡಿನಲ್ಲಿ ಏನೂ ತಪ್ಪಿರಲಿಲ್ಲ.

ಅವನು ಓಡಿದ. ಸ್ವಿಚ್ಚುಗಳನ್ನು ಹಾಕಿದ. ಅಲ್ಲಿಂದ ಪಡಸಾಲೆಗೆ ಓಡಿದ. ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಕೈ ಹಾಕಿದ.

ಆ ಕೈಯ ಮೇಲೆ ಹಾಲಯ್ಯಜ್ಜ ರೊಟ್ಟಿ ಇಟ್ಟರು.

“ಉಣ್ಣು.”

“ಅಜ್ಜಾರೆ, ಹೊತ್ತಾಗುತ್ತೆ.”

“ಅದಕ್ಕೇ ಉಣ್ಣು.”

ಪುಂಡಿಪಲ್ಯ, ಶೇಂಗಾ ಚಟ್ನಿ, ಮೇಲೊಂದು ಬೆಣ್ಣೆಯ ಉಂಡೆ. ಕೊಟ್ರೇಶ ಮೊದಲ ತುತ್ತನ್ನು ನುಂಗಿದ, ಎರಡನೆಯದನ್ನು ಅಗಿದ, ಮೂರನೆಯದರ ರುಚಿ ಅವನಿಗೆ ಗೊತ್ತಾಯಿತು. ನೀಲವ್ವ ಎದುರಿಗೆ ಕೂತು ಇನ್ನೊಂದು ರೊಟ್ಟಿ ಹಾಕಿದಳು. ಹೊಳೆಯ ಮೇಲೆ ಬೆಳಕು ಮೂಡಿತು. ಪುಸ್ತಕದ ಕೋಣೆಯಲ್ಲಿ ಸರ್ವರು ಒಂದು ಸಣ್ಣ ಸದ್ದು ಮಾಡಿ ಸುಮ್ಮನಾಯಿತು.

ಕೈ ತೊಳೆದು, ಒರೆಸಿಕೊಂಡು, ಅವನು ಲ್ಯಾಪ್‌ಟಾಪ್ ತೆರೆದ.

ಝೆಡ್ ಡ್ರೈವಿನ ಮೇಲೆ ಯಾವ ಗೀಟೂ ಇರಲಿಲ್ಲ.

ಗಂಟೆ ಬಾರಿಸಿದಾಗ ಕೊಟ್ರೇಶ ನೂರ ಹದಿಮೂರನೆಯ ಗರಿಯನ್ನು ಪರದೆಯ ಮೇಲೆ ನೋಡಿ ಓದಿದ. ಹುಳು ತಿಂದ ಕಡೆ ನಿಲ್ಲಿಸಿ, ತಿನ್ನದ ಕಡೆ ಮುಂದುವರಿಸಿದ. ಕಟ್ಟು ಬಿಚ್ಚಲಿಲ್ಲ. ನೀಲವ್ವ ಗೋಡೆಗೆ ಒರಗಿ ತೂಕಡಿಸುತ್ತಾ ಕೇಳಿದಳು. ಅಂದು ಅವಳಿಗೆ ಆ ಹಕ್ಕಿತ್ತು.

ಮಧ್ಯಾಹ್ನ ಕೊಟ್ರೇಶ ಲ್ಯಾಪ್‌ಟಾಪಿಗೆ ನಾಲ್ಕು ಸಾಲಿನ ಒಂದು ಆಜ್ಞೆ ಬರೆದ. ಸರ್ವರಿನಿಂದ ಉತ್ತರ ಬಾರದಿದ್ದರೆ ಅರ್ಧ ನಿಮಿಷ ಕಾಯಿ, ಮತ್ತೆ ಕೂಗು, ಬರುವ ತನಕ ಹಾಗೇ ಮಾಡು ಎಂದು. ಬರೆದು ಮುಗಿಸಿದ ಮೇಲೆ ಅವನಿಗೆ ಅಳುಕಾಯಿತು. ಗುರುಗಳ ಹತ್ತಿರ ಹೋದ.

“ಅಜ್ಜಾರೆ, ಇದು ನಿಯಮಕ್ಕೆ ವಿರುದ್ಧ ಆಗುತ್ತೆ. ಒಂದು ಬಾಗಿಲಿಗೆ ಒಂದೇ ಕೂಗು ಅಂತ ನೀವೇ ಕಲಿಸಿದ್ದು.”

“ಆ ನಿಯಮ ಯಾರಿಗೆ?”

“ಕೂಗುವವನಿಗೆ.”

“ಹೂಂ. ನಮ್ಮ ಹಸಿವು ಮನೆಯವರನ್ನ ಪೀಡಿಸಬಾರದು ಅಂತ ಮಾಡಿದ್ದು. ಅವರಿಗೆ ಮಂಡಿ ನೋವು ಇರಬಾರದು ಅಂತ ಅಲ್ಲ.”

ಕೊಟ್ರೇಶ ಆಜ್ಞೆಯನ್ನು ಉಳಿಸಿದ.

ಮಾರನೆಯ ಬೆಳಿಗ್ಗೆ ಲ್ಯಾಪ್‌ಟಾಪ್ ಹದಿನೇಳು ಸಲ ಕೂಗಿತು. ಹದಿನೆಂಟನೆಯದಕ್ಕೆ ಬಾಗಿಲು ತೆರೆಯಿತು. ನಾನು ಎಣಿಸಿದ್ದೇನೆ. ನೀವು ನಂಬದಿದ್ದರೂ ಸಂಖ್ಯೆ ಬದಲಾಗುವುದಿಲ್ಲ.

ಅಂದು ಸಂಜೆ, ದೀಪ ಆರಿಸುವ ಮೊದಲು, ಕೊಟ್ರೇಶ ಕೆಂಪು ವಸ್ತ್ರವನ್ನು ಬದಲಿಸಲು ಕೂತ. ಹಳೆಯ ವಸ್ತ್ರದ ಮಡಿಕೆಯಲ್ಲಿ ಮೂರು ಗರಿಗಳ ಪುಡಿ ಇತ್ತು. ಅದನ್ನು ಅಂಗೈಗೆ ಸುರಿದುಕೊಂಡು ಬಹಳ ಹೊತ್ತು ನೋಡಿದ. ಒಂದೆರಡು ಚೂರಿನ ಮೇಲೆ ಅಕ್ಷರದ ಬಾಲ ಕಾಣುತ್ತಿತ್ತು.

ಹಾಲಯ್ಯಜ್ಜ ಪಕ್ಕದಲ್ಲಿ ಬಂದು ಕೂತರು.

“ಅಜ್ಜಾರೆ, ಒಂದು ಕೇಳ್ತೀನಿ, ಬೇಜಾರಾಗಬಾರದು,” ಎಂದ ಕೊಟ್ರೇಶ. “ನಾನು ಏನು ಮಾಡ್ತೀನಿ ಅಂತ ಹೇಳಿದ ಮರುಗಳಿಗೆಗೇ ನಿಮಗೆ ಅರ್ಥ ಆಯ್ತು. ಅದನ್ನ ಮೊದಲ ದಿನವೇ ಕೇಳಿದ್ದರೆ ಆಮೇಲಿನ ಎರಡಾದ್ರೂ ಉಳೀತಿದ್ವು.”

ಹಾಲಯ್ಯಜ್ಜ ಅವನ ಅಂಗೈಯಿಂದ ಒಂದು ಚೂರನ್ನು ಬೆರಳ ತುದಿಗೆ ಅಂಟಿಸಿಕೊಂಡು, ಬೆಳಕಿಗೆ ಹಿಡಿದು, ಮತ್ತೆ ಅಲ್ಲೇ ಇಟ್ಟರು.

“ಕೇಳಿದ್ದೆ ಕಣಪ್ಪ. ಮೊದಲ ದಿನ ಓದು ಮುಗಿದ ಮೇಲೆ, ಏನಾಯ್ತು ಅಂದೆ. ಏನಿಲ್ಲ ಅಜ್ಜಾರೆ ಅಂದೆ ನೀನು. ನಾನೂ ಒಂದೇ ಕೂಗಿಗೆ ಮುಂದಿನ ಮನೆಗೆ ಹೋಗಿಬಿಟ್ಟೆ.”