ಹಿತ್ತಲಿನ ಎಲೆಕೋಸು

“ಗುರುಗಳೇ, ಊರಿನಲ್ಲಿ ನನ್ನನ್ನು ಹೊಗಳದವರಿಲ್ಲ. ಮನೆಯಲ್ಲಿ ಮಾತ್ರ ನನ್ನನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಹೀಗೇಕೆ?” ಎಂದು ಸಂಗಯ್ಯ ಕೇಳಿದ. ಅವನು ಮಡದಿ ಮಕ್ಕಳಿರುವ ಶಿಷ್ಯ. ಬಿಡುವಾದಾಗ ಮಠಕ್ಕೆ ಬಂದು ಹೋಗುವವನು.

ಗುರುಗಳು ಹೇಳಿದರು:

ಒಬ್ಬ ರೈತನಿದ್ದ. ಹೊಲದಲ್ಲಿ ಬೆಳೆದದ್ದು ಸಂತೆಗೆ ಹೋಗುತ್ತಿತ್ತು. ಮನೆಯ ಅಡುಗೆಗೆ ಬೇಕೆಂದು ಹಿತ್ತಲಿನಲ್ಲಿ ಎಲೆಕೋಸು ಹಾಕಿದ. ಕೋಸು ಚೆನ್ನಾಗಿ ಗಡ್ಡೆ ಕಟ್ಟಿತು. ದಾರಿಯಲ್ಲಿ ಹೋಗುವವರು ಬೇಲಿಯ ಹತ್ತಿರ ನಿಂತು, “ಅಬ್ಬಾ, ನಿಮ್ಮ ಕೈಗುಣವೇ ಕೈಗುಣ!” ಎಂದರೆ ಸಾಕು, ರೈತ ಒಳಗೆ ಓಡಿ ಕುಡುಗೋಲು ತರುತ್ತಿದ್ದ. ಹೊಗಳುವವರಿಗೇನು ಬರವೇ? ಗಟ್ಟಿಯಾದ ಕೋಸೆಲ್ಲ ಬೇಲಿ ದಾಟಿತು. ಬಿರಿದದ್ದು, ಹುಳು ಕೊರೆದದ್ದು, ಮೇಲಿನ ದಪ್ಪ ಎಲೆ, ಇವು ಅಡುಗೆಮನೆಗೆ ಬಂದವು.

ಹೆಂಡತಿ ಅದನ್ನೇ ಉಪ್ಪುನೀರಿನಲ್ಲಿ ಮುಳುಗಿಸಿ ಹುಳು ತೆಗೆಯುತ್ತಿದ್ದಳು. ಕೊಳೆತದ್ದನ್ನು ಕತ್ತರಿಸಿ ಎಸೆದು, ಉಳಿದಷ್ಟಕ್ಕೆ ಕಡಲೆಬೇಳೆ ಸೇರಿಸಿ ಪಲ್ಯ ಮಾಡುತ್ತಿದ್ದಳು. ಬೇಳೆ ಕರಗಿದರೂ ಎಲೆ ಬೇಯುತ್ತಿರಲಿಲ್ಲ. ಒಮ್ಮೆ ಅವಳು, “ಈ ಸಲ ಒಂದು ಒಳ್ಳೆಯದನ್ನು ಮನೆಗೆ ಬಿಡಿ. ಮಕ್ಕಳೂ ತಿನ್ನಲಿ” ಎಂದಳು.

“ನಾವು ಮನೆಯವರಲ್ಲವೇನೇ? ನಮಗೆ ಹೇಗಿದ್ದರೂ ನಡೆಯುತ್ತದೆ” ಎಂದ ರೈತ.

ಅವಳು ಮತ್ತೆ ಕೇಳಲಿಲ್ಲ. ಆ ಮನೆಯಲ್ಲಿ ಮಾತು ಕಡಿಮೆಯಾದದ್ದು ಅಂದಿನಿಂದ. ರೈತನಿಗೆ ಅದು ತಿಳಿಯಲಿಲ್ಲ. ಊರವರ ಹೊಗಳಿಕೆಯೇ ಅವನ ಕಿವಿ ತುಂಬಿತ್ತು.

ಚಿಕ್ಕ ಮಗಳು ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿಬಿಡುತ್ತಿದ್ದಳು. “ಬೆವರು ಸುರಿಸಿ ಬೆಳೆದಿದ್ದೇನೆ. ನಿನಗೆ ಸೊಕ್ಕೇ?” ಎಂದು ರೈತ ಗದರುತ್ತಿದ್ದ. ಮಗು ಅಳುತ್ತ ನುಂಗುತ್ತಿತ್ತು. ಈ ಕತೆ ಹೇಳುವಾಗ ನನಗೆ ಸಂಕಟವಾಗುವುದು ಇಲ್ಲಿಯೇ.

ಒಂದು ದಿನ ಪಕ್ಕದ ಮನೆಯ ವ್ಯಾಪಾರಿ ಅವರನ್ನೆಲ್ಲ ಊಟಕ್ಕೆ ಕರೆದ. ಅಲ್ಲಿಯೂ ಕೋಸಿನ ಪಲ್ಯವನ್ನೇ ಬಡಿಸಿದರು. ಮಗಳು ಹೆದರಿ ಹೆದರಿ ಒಂದು ತುತ್ತು ತಿಂದಳು. ಆಮೇಲೆ ಕೇಳಿ ಕೇಳಿ ಹಾಕಿಸಿಕೊಂಡಳು.

“ಅಪ್ಪಾ, ಇವರ ಮನೆ ಕೋಸು ಎಷ್ಟು ಚೆನ್ನಾಗಿದೆ! ನಾವೂ ಇಂಥದ್ದನ್ನೇ ಬೆಳೆಯೋಣ” ಎಂದಳು.

ವ್ಯಾಪಾರಿ ನಕ್ಕುಬಿಟ್ಟ. “ಇದು ನಿಮ್ಮ ಹಿತ್ತಲಿನದೇ ಕಣಮ್ಮ. ನಿನ್ನೆ ನಿಮ್ಮಪ್ಪನೇ ತಂದುಕೊಟ್ಟರು.”

ಮಗಳು ಅಪ್ಪನ ಮುಖ ನೋಡಿದಳು. ಹೆಂಡತಿ ತಲೆ ಎತ್ತಲಿಲ್ಲ. ರೈತನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಸಂಗಯ್ಯನಿಗೆ ಸಿಟ್ಟು ಬಂತು. “ಎಂಥ ಮನುಷ್ಯ ಅವನು! ಹೆತ್ತ ಮಗಳಿಗೆ ಇಲ್ಲದ್ದನ್ನು ಊರಿಗೆಲ್ಲ ಹಂಚಿದನಲ್ಲ!” ಎಂದ.

ಸಂಗಯ್ಯನ ಎಮ್ಮೆ ಆ ವಾರ ಈದಿತ್ತು. ಮೊದಲ ಹಾಲಿನ ಗಿಣ್ಣು ಮಾಡಿಸಿ, ಗುರುಗಳಿಗೆಂದು ಪಾತ್ರೆಯ ತುಂಬ ತಂದು ಅವರ ಮುಂದೆ ಇಟ್ಟಿದ್ದ. ಗುರುಗಳು ಅದರ ಮುಚ್ಚಳ ತೆಗೆದು ನೋಡಿದರು.

“ಮಕ್ಕಳಿಗೆ ಎಷ್ಟು ತೆಗೆದಿಟ್ಟು ಬಂದೆ, ಸಂಗಯ್ಯ?”